ದೇವರಮನೆಯ ಸ್ಪಂಜು

ಸಮುದ್ರವಿಲ್ಲದ ಊರಿನಲ್ಲಿ ಸಮುದ್ರಜೀವಿಗಳ ಪಂಡಿತನಾಗಿರುವುದು ಬಹಳ ಸುಖದ ಕೆಲಸ. ತಪ್ಪು ಹಿಡಿಯುವವರೇ ಇರುವುದಿಲ್ಲ. ಹೊಳೆನರಸೀಪುರದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳುವ ನಾನು, ಕಡಲತೀರದಲ್ಲಿ ಬಿದ್ದದ್ದು ಸ್ಪಂಜೋ ಹವಳವೋ ಪಾಚಿಯೋ ಎಂದು ನೋಡಿದ ಕೂಡಲೇ ಹೇಳಬಲ್ಲೆ. ಹೇಮಾವತಿಯ ದಂಡೆಯಲ್ಲಿ ಈ ವಿದ್ಯೆ ಯಾರಿಗೂ ಬೇಕಾಗಿಲ್ಲ ಎನ್ನುವುದು ಬೇರೆ ಮಾತು. ಹೆಮ್ಮೆಗೆ ಅದೇನೂ ಅಡ್ಡಿಯಲ್ಲ.

ಇಂಥ ವಿದ್ಯೆಗೆ ಕೊನೆಗೂ ಕೆಲಸ ಸಿಕ್ಕಿದ್ದು ಅವ್ವ ಗೋಕರ್ಣಕ್ಕೆ ಹೋಗಿಬಂದಾಗ. ಮರಳಿನ ಮೇಲೆ ಸಿಕ್ಕಿದ, ಬೆರಳುಬೆರಳಾಗಿ ಕವಲೊಡೆದ ಕಂದು ವಸ್ತುವೊಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ತಂದಿದ್ದಳು. "ಸಮುದ್ರದ ಊವು ಕಣಪ್ಪ, ಶಿವನೇ ಕೊಟ್ಟಿದ್ದು" ಎಂದು ದೇವರಮನೆಯಲ್ಲಿಟ್ಟು ದಿನಾ ವಿಭೂತಿ ಹಚ್ಚುತ್ತಿದ್ದಳು. ಬಂದವರೆಲ್ಲ ಕೈಮುಗಿದು ಹೋಗುತ್ತಿದ್ದರು. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ಮನೆಯಲ್ಲೇ ಪಂಡಿತನಿರುವಾಗ ಇದನ್ನು ಹೇಗೆ ಸಹಿಸುವುದು?

ಒಂದು ಸೋಮವಾರ ನುಗ್ಗೇಹಳ್ಳಿಯಿಂದ ಚಿಕ್ಕಮ್ಮ ಬಂದಿದ್ದಾಗ, ಅವರ ಎದುರಿಗೇ ಪರೀಕ್ಷೆ ಶುರು ಮಾಡಿದೆ. ಮೈತುಂಬ ಸೂಜಿಮೊನೆಯಷ್ಟು ತೂತು, ಅಲ್ಲಲ್ಲಿ ದೊಡ್ಡ ಬಾಯಿ. ಬದುಕಿದ್ದಾಗ ಸಣ್ಣದರಲ್ಲಿ ನೀರು ಒಳಕ್ಕೆ, ದೊಡ್ಡದರಲ್ಲಿ ಹೊರಕ್ಕೆ. ನಿಂಬೆರಸ ಹಿಂಡಿದೆ, ನೊರೆ ಬರಲಿಲ್ಲ; ಹಾಗಾಗಿ ಸುಣ್ಣದ ಮೈಯ ಹವಳವಲ್ಲ. ಕೊನೆಗೆ ಒಂದೆಳೆ ಕಿತ್ತು ದೇವರ ದೀಪಕ್ಕೇ ಹಿಡಿದೆ. ಕೂದಲು ಸುಟ್ಟ ವಾಸನೆ ಮನೆಯೆಲ್ಲ ತುಂಬಿತು.

"ಗಿಡ ಆಗಿದ್ರೆ ಈ ವಾಸನೆ ಬರ್ತಿರ್ಲಿಲ್ಲ ಕಣವ್ವ. ಇದು ಸ್ಪಂಜು ಅನ್ನೋ ಪ್ರಾಣಿ. ಅದರ ಅಸ್ಥಿಪಂಜರ" ಎಂದು ಎದೆಯುಬ್ಬಿಸಿದೆ.

ಮೊಟ್ಟೆ ಹಾಕಿದ ಕೇಕನ್ನೂ ಹೊಸಿಲು ದಾಟಿಸದ ಲಿಂಗಾಯತರ ಮನೆ ನಮ್ಮದು. ಅವ್ವ ನನ್ನ ಮುಖವನ್ನೇ ನೋಡಿದಳು. "ಅಂಗಾರೆ ಇಷ್ಟು ದಿನ ನಾನು ಮೂಳೆಗೆ ಇಬೂತಿ ಅಚ್ತಿದ್ನೇನ್ಲಾ?"

ಸ್ಪಂಜು ಹಿತ್ತಿಲಿಗೆ ಹೋಯಿತು. ದೇವರಮನೆ ತೊಳೆಯುವ ಕೆಲಸ ಕಂಡುಹಿಡಿದವನ ಪಾಲಿಗೇ ಬಂತು. ನನ್ನ ನಿರ್ಣಯ ಸರಿಯಾಗಿತ್ತಲ್ಲ, ಬಕೆಟ್ಟು ಭಾರವೆನಿಸಲಿಲ್ಲ. ಅವ್ವನ ಮುಖ ಬಾಡಿದ್ದು ಮಾತ್ರ ಚುಚ್ಚಿತು.

ಮಳೆ ಹಿಡಿದ ಮೇಲೆ ಚಿಕ್ಕಮ್ಮ ಮತ್ತೆ ಬಂದರು, ಪುಟ್ಟಿ ತುಂಬ ಅಣಬೆ ಹೊತ್ತುಕೊಂಡು. ನನ್ನನ್ನು ಕಂಡದ್ದೇ ಅವ್ವ ಪುಟ್ಟಿಯ ಮೇಲೆ ಸೆರಗು ಮುಚ್ಚಿದಳು.

"ಅವನಿಗೆ ತೋರಿಸ್ಬ್ಯಾಡ ಕಣೇ. ಮೊದ್ಲು ಉಂಡ್ಬುಡಾನ. ನೋಡಿದ್ರೆ ಇದ್ರಾಗೂ ಏನಾರ ಕಂಡುಹಿಡೀತಾನೆ."

ನನ್ನ ವಿದ್ಯೆಗೆ ಅಷ್ಟು ಬೆಲೆ ಕೊಟ್ಟವರನ್ನು ನಾನು ಹೊಳೆನರಸೀಪುರದಲ್ಲಿ ಇದುವರೆಗೆ ಕಂಡಿಲ್ಲ. ಊಟಕ್ಕೆ ಕೂತಾಗ, ಅಣಬೆ ಗಿಡವೇ ಅಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವ್ವ ಬಿಸಿ ಮುದ್ದೆಯ ಪಕ್ಕಕ್ಕೆ ಅಣಬೆ ಸಾರು ಬಿಟ್ಟಳು. ಆ ಮಧ್ಯಾಹ್ನ ಪಂಡಿತರು ಬಾಯಿ ತೆರೆದದ್ದು ಉಣ್ಣುವುದಕ್ಕೆ ಮಾತ್ರ.