ಬೀಗರ ಮುಂದೆ ನನ್ನ ಸೂಟು

ಸೂಟು ಆರಿಸುವುದು ಬ್ರಹ್ಮವಿದ್ಯೆಯೇನಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಮೈಸೂರಿನಿಂದ ವಿಜಯವಾಡಕ್ಕೆ ವರ್ಗವಾಗಿ ಬಂದು, ಬ್ಯಾಂಕಿನಲ್ಲಿ ಕೂತು ಊರಿನವರ ಸಾಲದ ಯೋಗ್ಯತೆಯನ್ನೆಲ್ಲ ಅಳೆದವನಿಗೆ ತನ್ನ ಭುಜ ಅಳೆದುಕೊಳ್ಳುವುದು ಕಷ್ಟವೇ?

ಮಗಳು ಮೇಘನಾ ವಿಶಾಖಪಟ್ಟಣದ ಔಷಧ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ಅಲ್ಲೇ ಹುಡುಗನನ್ನು ಮೆಚ್ಚಿದಳು. ಭೀಮುನಿಪಟ್ಟಣದ ಒಳ್ಳೆಯ ಮನೆತನ. ಆದರೆ ನಿಶ್ಚಿತಾರ್ಥದ ದಿನ ನನಗೆ ವಿಪರೀತ ಹಲ್ಲುನೋವು. ಇಡೀ ದಿನ ಮುಖ ಗಂಟಿಕ್ಕಿಕೊಂಡು ಕೂತಿದ್ದೆ. ಹುಡುಗಿಯ ಅಪ್ಪನಿಗೆ ಈ ಸಂಬಂಧ ಇಷ್ಟವಿಲ್ಲ ಎಂದು ಬೀಗರು ಮನಸ್ಸಿನಲ್ಲೇ ಬರೆದುಕೊಂಡುಬಿಟ್ಟರು!

ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಸರಳವಾಗಿ ಮುಗಿಯಿತು. ಹಿರಿಯರ ಆಶೀರ್ವಾದ, ಅಕ್ಷತೆ ಎಲ್ಲ ವಿಶಾಖಪಟ್ಟಣದ ರಿಸೆಪ್ಷನ್ನಿನಲ್ಲಿ ಎಂದಾಯಿತು. ಗಂಡಸರೆಲ್ಲ ಸೂಟು ಹಾಕಬೇಕಂತೆ. ಬೀಗರು ಫೋನು ಮಾಡಿ, ತೆಲುಗು ಬೆರೆಸಿದ ಕನ್ನಡದಲ್ಲಿ ಹೇಳಿದರು.

"ಬಾವಗಾರು, ನಮ್ಮ ಟೈಲರ್ ಎಲ್ಲರಿಗೂ ಹೊಲೀತಿದ್ದಾನೆ. ಮೀ ಅಳತೆ ಕಳಿಸಿ."

"ಏನೂ ಬೇಡ, ನಾನೇ ನೋಡಿಕೊಳ್ಳುತ್ತೇನೆ" ಎಂದೆ. ಹೆಣ್ಣು ಕೊಟ್ಟವನು ಅಳತೆಯನ್ನೂ ಕೊಡಬೇಕೇ?

ಹೆಂಡತಿ ಸುಮಿತ್ರಳನ್ನು ಕರೆದುಕೊಂಡು ಗವರ್ನರ್‌ಪೇಟೆಯ ರೆಡಿಮೇಡ್ ಅಂಗಡಿಗೆ ಹೋದೆ. ಫೋನಿನಲ್ಲಿ ಸೂಟುಶಾಸ್ತ್ರ ಓದಿಕೊಂಡೇ ಹೋಗಿದ್ದೆ: ಹೊಲಿಗೆ ಭುಜದ ಅಂಚಿಗೆ ಕೂರಬೇಕು, ಷರಟಿನ ಕಫ್ ತುಸು ಇಣುಕಬೇಕು, ಬೆನ್ನಿನಲ್ಲಿ ಸುಕ್ಕು ಬೀಳಬಾರದು. ಅಂಗಡಿಯವನು ತೊಡಿಸಿದ ಮೊದಲ ಸೂಟಿನಲ್ಲಿ ಆರಾಮಾಗಿ ಉಸಿರಾಡಬಹುದಿತ್ತು. ಆದ್ದರಿಂದ ಅದನ್ನು ತಿರಸ್ಕರಿಸಿದೆ.

"ಇದಕ್ಕಿಂತ ಚಿಕ್ಕದು ಕೊಡಿ."

ಚಿಕ್ಕದನ್ನು ತೊಟ್ಟು, ಹೊಟ್ಟೆ ಒಳಗೆಳೆದು, ಕನ್ನಡಿ ಮುಂದೆ ನಿಂತೆ. ಆಹಾ! ಅಂಗಡಿಯವನೂ "ಚಾಲಾ ಬಾವುಂದಿ ಸಾರ್!" ಎಂದು ಕೈಮುಗಿದ.

ಸುಮಿತ್ರ ಮಾತ್ರ, "ಒಂದ್ಸಲ ಕೈ ಎತ್ತಿ ನೋಡ್ರೀ" ಎಂದಳು.

"ಸೂಟು ಹಾಕಿದೋರು ಮರ ಹತ್ತಲ್ಲ ಕಣೇ" ಎಂದೆ.

ರಿಸೆಪ್ಷನ್ ದಿನ ಬಂತು. ಸಮುದ್ರದ ಪಕ್ಕದ ಹಾಲ್. ಬೀಗರು ದೂರದಿಂದಲೇ ಎರಡೂ ತೋಳು ಚಾಚಿಕೊಂಡು ಬಂದು ನನ್ನನ್ನು ತಬ್ಬಿಕೊಂಡರು. ನಾನೂ ತಬ್ಬಲು ಹೋದೆ. ಮೊಣಕೈ ಪಕ್ಕೆ ಬಿಟ್ಟು ಮೇಲೇಳಲಿಲ್ಲ! ಅವರು ಒಂದು ದೀಪದ ಕಂಬವನ್ನು ತಬ್ಬಿದಂತಾಯಿತು. ಅವರ ನಗು ಅರ್ಧ ಇಳಿಯಿತು.

"ನಗ್ರೀ ಸ್ವಲ್ಪ" ಎಂದು ಸುಮಿತ್ರ ಪಿಸುಗುಟ್ಟಿದಳು.

"ನಕ್ಕರೆ ಗುಂಡಿ ಕಿತ್ತುಹೋಗುತ್ತೆ."

ವೇದಿಕೆಗೆ ಕರೆದರು. ಮಗಳು, ಅಳಿಯ ಇಬ್ಬರೂ ಕಾಲಿಗೆ ಬಿದ್ದರು. ತಲೆಯ ಮೇಲೆ ಕೈಯಿಟ್ಟು ಅಕ್ಷತೆ ಹಾಕಬೇಕು. ಬಗ್ಗಲು ಹೋದೆ. ಕೋಟಿನ ಬೆನ್ನು ಒಪ್ಪಲಿಲ್ಲ. ಎದ್ದು ನಿಂತ ಮಕ್ಕಳ ತಲೆ ನನಗಿಂತ ಎತ್ತರ. ಅಲ್ಲಿಗೆ ಕೈ ಏಳಲಿಲ್ಲ. ಸೊಂಟದ ಬಳಿಯಿಂದಲೇ ಅಕ್ಷತೆ ಎರಚಿದೆ. ಅದು ನೇರ ಅಳಿಯನ ಕಣ್ಣಿಗೆ ಬಿತ್ತು!

ಅವನು ಕಣ್ಣುಜ್ಜಿಕೊಂಡ. ಮೇಘನಾ ನನ್ನನ್ನೇ ನೋಡಿದಳು. "ನಾನ್ನಾ?" ಎಂದಳು. ಅವಳು ಕಷ್ಟ ಬಂದಾಗೆಲ್ಲ 'ಅಪ್ಪಾ' ಬಿಟ್ಟು ತೆಲುಗಿಗೆ ಹೋಗುತ್ತಾಳೆ.

ಕೋಟು ಬಿಚ್ಚಿ, ಸರಿಯಾಗಿ ಆಶೀರ್ವಾದ ಮಾಡೋಣ ಎಂದುಕೊಂಡೆ. ಎಲ್ಲರೆದುರಿಗೆ ಬಿಚ್ಚುವುದು ಬೇಡವೆಂದು ವೇದಿಕೆಯ ಮೆಟ್ಟಿಲ ಕಡೆ ತಿರುಗಿ, ಹಲ್ಲು ಕಚ್ಚಿ, ತೋಳು ಜಗ್ಗತೊಡಗಿದೆ. ಬರಲಿಲ್ಲ. ಇನ್ನಷ್ಟು ಜಗ್ಗಿದೆ. ನೋಡಿದವರಿಗೆ ಕಂಡದ್ದೇನು? ಹುಡುಗಿಯ ಅಪ್ಪ ಕೋಟು ಕಿತ್ತೆಸೆಯುತ್ತ, ಹಲ್ಲು ಕಡಿಯುತ್ತ ಮದುವೆಮನೆಯಿಂದ ಹೊರಟುಹೋಗುತ್ತಿದ್ದಾನೆ!

ಬೀಗರು ಓಡಿಬಂದು ನನ್ನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು.

"ಬಾವಗಾರು, ಮೇಮು ಏಂ ತಪ್ಪು ಚೇಶಾಮು?"

"ತಪ್ಪು ನಿಮ್ಮದಲ್ಲ, ಕಂಕುಳಿನದು" ಎಂದೆ. ಕಂಕುಳು ಎಂಬ ಕನ್ನಡ ಪದ ಅವರಿಗೆ ತಿಳಿಯಲಿಲ್ಲ. ಅದರ ತೆಲುಗು ಆ ಹೊತ್ತಿಗೆ ನನಗೆ ನೆನಪಾಗಲಿಲ್ಲ. ಅವರ ತಮ್ಮಂದಿರಿಬ್ಬರು ಬಂದು ನನ್ನನ್ನು ಸಮಾಧಾನಪಡಿಸುತ್ತ ಊಟದ ಹಾಲಿಗೆ ಕರೆದೊಯ್ದು ಮಜ್ಜಿಗೆ ಕುಡಿಸಿದರು. ಅಲ್ಲಿಂದ ಬಿಡಿಸಿಕೊಂಡು ಬರುವಷ್ಟರಲ್ಲಿ ವೇದಿಕೆಯ ಮುಂದೆ ನೆಂಟರ ಸಾಲು ಬಾಗಿಲ ತನಕ ಬೆಳೆದಿತ್ತು. ಬೇರೆಯವರೆಲ್ಲ ನನ್ನ ಮಗಳ ತಲೆಯ ಮೇಲೆ ಕೈಯಿಡುತ್ತಿದ್ದರು.

ನಾನು ಇಡಲೇ ಇಲ್ಲ.

ವಿಜಯವಾಡದ ಭವಾನಿಪುರಂನ ಮನೆಗೆ ಮರಳಿದ ಮೇಲೆ ಮೇಘನಾಳ ಫೋನು ಬಂತು.

"ನಾನ್ನಾ, ಕೋಪ ಹೋಯ್ತಾ?"

"ಕೋಪ ಇರಲೇ ಇಲ್ಲಮ್ಮ. ಸೂಟು ಬಿಗಿಯಾಗಿತ್ತು. ಕೈ ಏಳಲಿಲ್ಲ."

ಅವಳು ಮೆಲ್ಲಗೆ, "ಫೋಟೋ ಬಂದಿವೆ. ಸೂಟು ಎಷ್ಟು ಪರ್ಫೆಕ್ಟಾಗಿ ಕೂತಿದೆ! ಇಷ್ಟ ಇರಲಿಲ್ಲ ಅಂದ್ರೆ ಇಷ್ಟ ಇರಲಿಲ್ಲ ಅನ್ನಿ ನಾನ್ನಾ, ಸುಳ್ಳು ಯಾಕೆ ಹೇಳ್ತೀರಾ?" ಎಂದು ಫೋನಿಟ್ಟಳು.

ಫೋಟೋಗಳನ್ನು ನಾನೂ ನೋಡಿದೆ. ಅವಳು ಹೇಳಿದ್ದು ನಿಜ. ಭುಜದ ಹೊಲಿಗೆ ಅಂಚಿಗಿದೆ. ಕಫ್ ತುಸು ಇಣುಕಿದೆ. ಬೆನ್ನಿನಲ್ಲಿ ಒಂದು ಸುಕ್ಕಿಲ್ಲ. ಇಡೀ ಮದುವೆಯಲ್ಲಿ ಸರಿಯಾಗಿ ಹೊಂದದೇ ಹೋದವನೆಂದರೆ ಒಳಗಿದ್ದ ನಾನೊಬ್ಬನೇ!