ಬಿಳಿ ಸಮವಸ್ತ್ರದ ಪರವಾಗಿ ಹಿಪ್ಪುನೇರಳೆ ಮರಕ್ಕೆ

ನಮ್ಮ ಹಿತ್ತಿಲಿನ ಪೂರ್ವ ದಿಕ್ಕನ್ನು ಪೂರ್ತಿಯಾಗಿಯೂ ಉಳಿದ ದಿಕ್ಕುಗಳನ್ನು ಹಂತಹಂತವಾಗಿಯೂ ವಶಪಡಿಸಿಕೊಂಡು ವಿರಾಜಮಾನರಾಗಿರುವ ಸನ್ಮಾನ್ಯ ಹಿಪ್ಪುನೇರಳೆ ಮರದವರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಬೇರುಗಳೂ ಕೊಂಬೆಗಳೂ ತಮ್ಮನ್ನೇ ನಂಬಿಕೊಂಡ ಹಕ್ಕಿ ಪರಿವಾರವೂ ಕ್ಷೇಮವೆಂದು ಭಾವಿಸುತ್ತೇನೆ. ಭಾವಿಸುವುದೇನು ಬಂತು, ಅಡುಗೆಮನೆಯ ಕಿಟಕಿಯಿಂದ ದಿನವೂ ಕಣ್ಣಾರೆ ಕಾಣುತ್ತೇನೆ, ಏಕೆಂದರೆ ಆ ಕಿಟಕಿಯಿಂದ ಈಗ ತಮ್ಮನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ನಾನು ಈ ಮನೆಯ ಒಡತಿ, ವೃತ್ತಿಯಿಂದ ಆಸ್ಪತ್ರೆಯ ನರ್ಸ್, ಮತ್ತು ತಮ್ಮ ನೆರಳಿನಲ್ಲಿ ಬಟ್ಟೆ ಒಣಗಿಸಲು ಹೆಣಗುತ್ತಿರುವ ನತದೃಷ್ಟೆ. ತಮ್ಮಂಥ ದೊಡ್ಡವರ ಸಮಯ ಹಾಳುಮಾಡುವ ಇಚ್ಛೆ ನನಗಿರಲಿಲ್ಲ; ಆದರೆ ತಮ್ಮ ಆಯುಸ್ಸು ಎಷ್ಟಿರಬಹುದೆಂದು ವಿಚಾರಿಸಿದಾಗ ನಮ್ಮ ಮನೆಯವರು "ನಮ್ಮ ಮೊಮ್ಮಕ್ಕಳ ಕಾಲಕ್ಕೂ ಮೋಸ ಇಲ್ಲ ಕಣೇ" ಎಂದು ಎದೆಯುಬ್ಬಿಸಿ ಹೇಳಿದ್ದರಿಂದ, ಒಂದು ಪತ್ರ ಓದುವಷ್ಟು ಪುರುಸೊತ್ತು ತಮಗಿದ್ದೇ ಇರುತ್ತದೆಂದು ಧೈರ್ಯ ಮಾಡಿದ್ದೇನೆ.

ಮೊದಲು ತಮ್ಮ ಆಗಮನದ ಸಂದರ್ಭವನ್ನು ಸ್ಮರಿಸುವುದು ನನ್ನ ಕರ್ತವ್ಯ. ನಮ್ಮ ಮನೆಯವರು ಕಾರು ಓಡಿಸುವುದನ್ನು ಕಲಿಸುವ ಮೇಷ್ಟ್ರು. ಇಡೀ ದಿನ ಕಂಡವರ ಪಕ್ಕದಲ್ಲಿ ಕೂತು "ಬ್ರೇಕು, ಬ್ರೇಕು" ಎಂದು ಕಿರುಚುವ ಅವರಿಗೆ ತೋಟದ ವಿಷಯ ಬಂದರೆ ಮಾತ್ರ ಹಾಗೊಂದು ವಸ್ತು ಇದೆಯೆಂಬುದೇ ಮರೆತುಹೋಗುತ್ತದೆ. ಯಾರೋ ಪುಣ್ಯಾತ್ಮರ ಭಾಷಣ ಕೇಳಿ ಬಂದವರೇ, ಇನ್ನು ಮೇಲೆ ನೆಲ ಅಗೆಯಕೂಡದು, ಬಿದ್ದ ಎಲೆ ಗುಡಿಸಕೂಡದು, ವರ್ಷ ವರ್ಷ ಬಿತ್ತಬೇಕಾದ ಗಿಡವನ್ನು ಹತ್ತಿರ ಸೇರಿಸಕೂಡದು, ಒಮ್ಮೆ ನೆಟ್ಟರೆ ಕೊನೆತನಕ ಉಣಿಸುವಂಥದ್ದನ್ನೇ ನೆಡಬೇಕು, ಆಗ ಮಣ್ಣು ತಾನಾಗಿಯೇ ಜೀವ ಹಿಡಿಯುತ್ತದೆ ಎಂದು ಸಾರಿದರು. ನಾನು ಅಕ್ಕರೆಯಿಂದ ಬೆಳೆಸಿದ್ದ ಟೊಮೆಟೊ, ಕೊತ್ತಂಬರಿಗಳಿಗೆ "ಇವೆಲ್ಲ ಬಾಡಿಗೆದಾರರು, ಇವತ್ತು ಇದ್ದು ನಾಳೆ ಹೋಗೋವು" ಎಂಬ ಬಿರುದು ದಯಪಾಲಿಸಿ, ಆ ಪಾತಿಯ ಮೇಲೆ ಹಳೇ ರಟ್ಟು ಹಾಸಿ, ತರಗೆಲೆ ಸುರಿದು, ನಡುವೆ ಒಂದು ತೂತು ಮಾಡಿ ಪೆನ್ನಿನಷ್ಟು ದಪ್ಪದ ಕಡ್ಡಿಯೊಂದನ್ನು ಸಿಕ್ಕಿಸಿದರು. ಆ ಕಡ್ಡಿಯೇ ತಾವು.

ತಾವೊಬ್ಬರೇ ಬಂದಿದ್ದರೆ ಹೇಗೋ ಸುಧಾರಿಸುತ್ತಿದ್ದೆ. ತಮ್ಮ ಕಾಲಬುಡಕ್ಕೆ ಚಕ್ರಮುನಿ, ಅದರ ಬುಡಕ್ಕೆ ಒಂದೆಲಗ, ಪಕ್ಕಕ್ಕೆ ನುಗ್ಗೆ, ಇವರೆಲ್ಲರಿಗೂ ಬಳ್ಳಿಯ ಕಡೆಯ ನೆಂಟರಾಗಿ ಬಸಳೆಯವರೂ ಬಂದು ಬಿಡಾರ ಹೂಡಿದರು. ಬಸಳೆಯವರಿಗೆ ಹಬ್ಬಲು ಚಪ್ಪರ ಬೇಕಿತ್ತಂತೆ, ನನ್ನ ಬಟ್ಟೆ ಹಗ್ಗ ಕಣ್ಣಿಗೆ ಬಿತ್ತಂತೆ. ಡ್ಯೂಟಿ ಮುಗಿಸಿ ಬಂದು ಒದ್ದೆ ಬಟ್ಟೆಯ ಬಕೆಟ್ ಹಿಡಿದು ಹಿತ್ತಿಲಿಗೆ ಹೋದವಳು "ರೀ, ಬಟ್ಟೆ ಎಲ್ಲಿ ಹಾಕ್ಲಿ?" ಎಂದು ಕೂಗಿದರೆ, "ಅದರ ಮೇಲೇ ಹಾಕು, ಎಲೆಗೂ ತಂಪಾಗುತ್ತೆ" ಎಂಬ ಉತ್ತರ ಒಳಗಿನಿಂದ ಬಂತು. ಒಂದು ಒಳ್ಳೆಯ ತೋಟಕ್ಕೆ ಎತ್ತರದ ಮರದಿಂದ ಹಿಡಿದು ನೆಲದೊಳಗಿನ ಗೆಡ್ಡೆಯವರೆಗೆ ಏಳು ಅಂತಸ್ತುಗಳಿರುತ್ತವೆ ಎಂದು ಅವರು ಊಟದ ಮೇಜಿನ ಮೇಲೆ ಬೆರಳಾಡಿಸಿ ನನಗೆ ಪಾಠ ಮಾಡಿದಾಗ, ಅದರಲ್ಲಿ ಹೆಂಡತಿಯದು ಎಷ್ಟನೆಯ ಅಂತಸ್ತು ಎಂದು ಕೇಳಿದೆ. ಅವರು ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ.

ಇನ್ನು ತಮ್ಮ ಔದಾರ್ಯವನ್ನು ಹೊಗಳಲು ನನ್ನಲ್ಲಿ ಪದಗಳಿಲ್ಲ. ಹಣ್ಣು ಬಿಡುವ ಕಾಲದಲ್ಲಿ ತಾವು ಬೊಗಸೆಗಟ್ಟಲೆ ಅಲ್ಲ, ಬಕೆಟ್‌ಗಟ್ಟಲೆ ಕೊಡುತ್ತೀರಿ. ನಾವು ತಿಂದು, ಬೀದಿಯವರಿಗೆಲ್ಲ ಹಂಚಿ, ಜಾಮ್ ಮಾಡಿ, ಜಾಮ್ ಕಂಡರೆ ಓಡಿಹೋಗುವ ಹಂತಕ್ಕೆ ಬಂದಮೇಲೂ ಕೊಡುತ್ತಲೇ ಇರುತ್ತೀರಿ. ಸುಳ್ಳು ಯಾಕೆ ಹೇಳಲಿ, ಹಣ್ಣು ಸಿಹಿಯಾಗಿದೆ, ನನ್ನ ಹೊಟ್ಟೆ ಇನ್ನಷ್ಟು ಉರಿಯುವುದೂ ಅದಕ್ಕೇ. ಉಳಿದದ್ದನ್ನು ಪಿಕಳಾರ ಹಕ್ಕಿಗಳು ಹಿಂಡುಹಿಂಡಾಗಿ ಬಂದು ತಿಂದು, ಉಂಡ ಮನೆಯ ಋಣವನ್ನು ಅಲ್ಲೇ ಕೆಳಗೆ, ಅಂದರೆ ನನ್ನ ಸಮವಸ್ತ್ರದ ಮೇಲೆ, ಗಾಢ ನೇರಳೆ ಬಣ್ಣದಲ್ಲಿ ತೀರಿಸಿ ಹೋಗುತ್ತವೆ. ನರ್ಸ್‌ಗಳ ಸಮವಸ್ತ್ರ ಬಿಳಿ ಎಂಬ ಸಣ್ಣ ಸಂಗತಿ ತಮ್ಮ ಗಮನಕ್ಕೆ ಬಂದಿರಲಿಕ್ಕಿಲ್ಲ. ಒಳಗೆ ಒಣಗಿಸಿದರೆ ಮುಗ್ಗಲು ವಾಸನೆ, ಹೊರಗೆ ಒಣಗಿಸಿದರೆ ತಮ್ಮ ಮುದ್ರೆ. ಇವೆರಡರಲ್ಲಿ ಒಂದನ್ನು ಮೈಮೇಲೆ ಹೊತ್ತು ನಾನು ರೋಗಿಗಳ ಮುಂದೆ ಸ್ವಚ್ಛತೆಯ ಉಪದೇಶ ಮಾಡಬೇಕು.

ಹೀಗಿರುವಾಗ, ಇಷ್ಟು ವರ್ಷ ದುಡಿದ ವಾರ್ಡಿಗೇ ಮೇಲ್ವಿಚಾರಕಿಯಾಗುವ ಅವಕಾಶ ಬಂದು ಸಂದರ್ಶನಕ್ಕೆ ಕರೆದರು. ಕೋಣೆಯ ಬಾಗಿಲಲ್ಲಿ ನಿಂತಾಗ ಭುಜದ ಮೇಲೆ ತಮ್ಮ ಹಸ್ತಾಕ್ಷರ ಕಂಡಿತು. ಗಾಬರಿಯಿಂದ ಒದ್ದೆ ಕರವಸ್ತ್ರದಲ್ಲಿ ಉಜ್ಜಿದೆ, ಅದು ತೋಳಿನವರೆಗೂ ಹರಡಿತು. ಒಳಗೆ ಕೂತಿದ್ದ ಡಾಕ್ಟರುಗಳು ಪ್ರಶ್ನೆಗಳನ್ನೆಲ್ಲ ನನ್ನ ಭುಜಕ್ಕೇ ಕೇಳಿದರು. ಕೊನೆಗೆ ಮೇಟ್ರನ್ ಅವರು ಹೊರಗೆ ಕರೆದು, "ಏನಮ್ಮಾ, ಶಾಯಿ ಬಾಟಲಿ ಸುರ್ಕೊಂಡು ಬಂದಿದ್ದೀಯಾ? ಸೋಂಕು ತಡೆಯೋ ಕೆಲಸ ನಿನ್ನ ಕೈಗೆ ಹೇಗಮ್ಮಾ ಕೊಡ್ಲಿ? ಮೂರು ತಿಂಗಳು ಬಿಟ್ಟು ಇನ್ನೊಂದ್ಸಲ ಕರೀತೀನಿ, ಮನುಷ್ಯಳ ಹಾಗೆ ಬಾ" ಎಂದರು. ಬಸ್ಸಿನಲ್ಲಿ ಕೂತು ಅತ್ತೆ. ಮಾನ್ಯರೇ, ಒಂದು ಪಾಳಿಯನ್ನೂ ತಪ್ಪಿಸದೆ ದುಡಿದವಳ ಹಣೆಬರಹವನ್ನು ಒಂದು ಹಕ್ಕಿಯ ಹಿಕ್ಕೆ ಬರೆಯುವುದೆಂದರೆ ಸಿಟ್ಟು ಬರುವುದಿಲ್ಲವೇ? ನನಗೆ ಬಂತು, ಮನೆಗೆ ಹೋಗುವವರೆಗೂ ಇಳಿಯಲಿಲ್ಲ.

ಆ ಸಿಟ್ಟಿನಲ್ಲೇ ನಾನು ಪೂರ್ವದ ಕೊಂಬೆಗಳು ಹೋಗಲೇಬೇಕೆಂದು ಹಟ ಹಿಡಿದದ್ದೂ, ನಮ್ಮ ಮನೆಯವರು ತಮ್ಮ ಕ್ಷಮೆ ಕೇಳಿಕೊಂಡು ಎರಡನ್ನು ಕತ್ತರಿಸಿದ್ದೂ ತಮಗೆ ನೆನಪಿದೆ. ಆದರೆ ತೋಟದಲ್ಲಿ ಹುಟ್ಟಿದ್ದು ತೋಟದಲ್ಲೇ ವಿನಿಯೋಗವಾಗಬೇಕೆಂಬ ಸಿದ್ಧಾಂತವೊಂದು ಇದೆಯಲ್ಲ, ಅದರ ಪ್ರಕಾರ ಆ ಎರಡು ಕೊಂಬೆಗಳನ್ನು ಎಸೆಯದೆ, ಮನೆಯ ಮುಂದೆ ಗೇಟಿನ ಪಕ್ಕ ಬಿಸಿಲು ಬೀಳುವ ಕೊನೆಯ ತುಂಡು ಜಾಗದಲ್ಲಿ ಹೂತು, ನಡುವೆ ಹೊಸ ಹಗ್ಗ ಕಟ್ಟಿ, "ನೋಡು, ನಿನಗೋಸ್ಕರ" ಎಂದರು. ನಾನು ಪೆದ್ದಿ, ಸಂತೋಷಪಟ್ಟೆ. ಕೆಲವೇ ವಾರಗಳಲ್ಲಿ ಎರಡೂ ಕಂಬಗಳು ಚಿಗುರಿದವು. ಹಿತ್ತಿಲಿನಲ್ಲಿ ತಾವು, ಕೊಂಬೆ ಕಡಿಸಿಕೊಂಡ ಜಾಗದಿಂದಲೇ ಮೊದಲಿಗಿಂತ ಹೆಚ್ಚು ಕವಲು ಒಡೆದಿರಿ, ಅದರ ಮೇಲೆ ಹಣ್ಣನ್ನೂ ಬಿಟ್ಟಿರಿ. ಒಬ್ಬರಿಂದಾಗುತ್ತಿದ್ದ ಉಪಕಾರವನ್ನು ಈಗ ಮೂವರು ಸೇರಿ ಮಾಡುತ್ತಿದ್ದೀರಿ, ಮತ್ತು ನಮ್ಮ ಮನೆಯವರು ಬೆಳಗಾಗೆದ್ದು ಬಟ್ಟೆ ಕಂಬಗಳಿಗೆ ಗೊಬ್ಬರ ಹಾಕುತ್ತಿದ್ದಾರೆ. ಕಿತ್ತುಹಾಕಿ ಎಂದರೆ, "ಬೇರು ಬಿಟ್ಟಿದೆ ಕಣೇ, ಹೇಗೆ ಕೀಳೋಕಾಗುತ್ತೆ?" ಎನ್ನುತ್ತಾರೆ.

ಆದ್ದರಿಂದ ತಮ್ಮಲ್ಲಿ ವಿನಮ್ರ ಮನವಿ ಏನೆಂದರೆ, ದಯವಿಟ್ಟು ಹಣ್ಣನ್ನು ಬಣ್ಣವಿಲ್ಲದೆ ಬಿಡುವ ಏರ್ಪಾಡು ಮಾಡಬೇಕು. ಸಾಧ್ಯವಾಗದಿದ್ದರೆ ಹಕ್ಕಿಗಳಿಗೆ ಶೌಚದ ಶಿಸ್ತು ಕಲಿಸಬೇಕು. ಅದೂ ಆಗದಿದ್ದರೆ ಬೆಳಗಿನ ಹೊತ್ತು ಸ್ವಲ್ಪ ಪಕ್ಕಕ್ಕೆ ಸರಿದು ನಿಂತು ನನಗೆ ಒಂದು ಹಗ್ಗದಷ್ಟು ಬಿಸಿಲು ಬಿಟ್ಟುಕೊಡಬೇಕು. ಬಟ್ಟೆ ಒಣಗಿದ ಮೇಲೆ ತಾವು ಮತ್ತೆ ಸ್ವಸ್ಥಾನಕ್ಕೆ ಮರಳಬಹುದು, ನನ್ನ ಅಭ್ಯಂತರವಿಲ್ಲ.

ತಮ್ಮ ಉತ್ತರ ಬರುವವರೆಗೆ ನಾನು ಸುಮ್ಮನೆ ಕೂರಲಿಲ್ಲವೆಂದೂ ತಿಳಿಸಬೇಕು. ತೋಟದಲ್ಲಿ ಹುಟ್ಟಿದ್ದು ತೋಟದಲ್ಲೇ ತೀರಬೇಕೆಂದಾದರೆ, ತೋಟದಲ್ಲಿ ಹುಟ್ಟಿದ ಕಲೆಯೂ ತೋಟದವರ ಕೈಯಲ್ಲೇ ತೀರಬೇಕಲ್ಲವೇ? ಈ ಸೂಕ್ಷ್ಮವನ್ನು ನಮ್ಮ ಮನೆಯವರಿಗೆ ಮನದಟ್ಟು ಮಾಡಿಸಿ, ಸೋಪು, ಬ್ರಷ್ಷು, ಬಕೆಟ್ ಮತ್ತು ನನ್ನ ಸಮವಸ್ತ್ರಗಳನ್ನು ಅವರಿಗೆ ಸಕಲ ಗೌರವಗಳೊಂದಿಗೆ ಹಸ್ತಾಂತರಿಸಿದ್ದೇನೆ. ಎರಡನೆಯ ಸಂದರ್ಶನ ಮುಗಿಯುವವರೆಗೂ ಒಗೆತ ಅವರದೇ, ಮತ್ತು ಒಂದು ಚುಕ್ಕೆ ಉಳಿದರೂ ಬಟ್ಟೆ ವಾಪಸು ಬಕೆಟ್ಟಿಗೆ. ಮೊದಲೆರಡು ದಿನ ಸಿಳ್ಳೆ ಹಾಕುತ್ತಾ ಒಗೆದರು. ಈಗ ಸಿಳ್ಳೆ ಕೇಳಿಸುತ್ತಿಲ್ಲ.

ತಮ್ಮ ಬೆಳವಣಿಗೆಯನ್ನು ತಲೆಯೆತ್ತಿ ನೋಡುತ್ತಲೇ ಇರುವ,
ತಮ್ಮ ವಿಶ್ವಾಸಿ,
ಹಿತ್ತಿಲಿನ ಎಂಟನೆಯ ಅಂತಸ್ತು

ತಾ.ಕ.: ನಿನ್ನೆ ಬೆಳಗ್ಗೆ ಉಜ್ಜಿ ಉಜ್ಜಿ ಬೆಳ್ಳಗೆ ಮಾಡಿ ಹಗ್ಗಕ್ಕೆ ಹಾಕಿದ ಸಮವಸ್ತ್ರದ ಮೇಲೆ, ಅವರು ಕ್ಲಿಪ್ಪು ಸಿಕ್ಕಿಸುತ್ತಿರುವಾಗಲೇ, ತಮ್ಮ ಪರಿವಾರದವರೊಬ್ಬರು ಕೃಪೆ ತೋರಿದರು. ನಮ್ಮ ಮನೆಯವರು ತುಂಬ ಹೊತ್ತು ತಮ್ಮನ್ನೇ ದಿಟ್ಟಿಸಿ ನೋಡಿ, ಒಳಗೆ ಬಂದು ಫೋನ್ ತೆಗೆದುಕೊಂಡು, ಮರ ಕಡಿಯುವವನಿಗೆ "ಭಾನುವಾರ ಬಾರಪ್ಪ, ಬುಡಸಮೇತ" ಎಂದರು. ನಾನು ಹೇಳಿಕೊಟ್ಟದ್ದಲ್ಲ, ಆಣೆ ಮಾಡುತ್ತೇನೆ. ಈ ಮನೆಯಲ್ಲಿ ತಮ್ಮ ಪರವಾಗಿ ವಕಾಲತ್ತು ವಹಿಸಬಲ್ಲವಳು ಈಗ ನಾನೊಬ್ಬಳೇ ಉಳಿದಿದ್ದೇನೆ. ಹಣ್ಣು ಸಿಹಿಯಾಗಿದೆ ಎಂಬ ಒಂದೇ ಕಾರಣಕ್ಕೆ ಯೋಚಿಸಿ ನೋಡುತ್ತೇನೆ, ಆದರೆ ಶನಿವಾರದವರೆಗೆ ಮಾತ್ರ, ಮತ್ತು ಅದೂ ನನ್ನ ಸಂದರ್ಶನ ಶುಕ್ರವಾರ ಹೇಗಾಗುತ್ತದೆ ಎಂಬುದರ ಮೇಲೆ.