ಎಂಟು ತಂತಿಯ ಎಡವಟ್ಟು

ವಿಡಿಯೊ ಕಾಪಿಯಾಗಲು ‘ಇನ್ನು ನಾಲ್ಕು ಗಂಟೆ’ ಎಂದು ಕಂಪ್ಯೂಟರಿನ ಪರದೆ ತೋರಿಸಿದ್ದೇ ಮುರಳಿಮೋಹನನ ಅಂದಿನ ಕಷ್ಟಗಳಿಗೆಲ್ಲ ಮೂಲ. ಚಿಂತಾಮಣಿಯಲ್ಲಿ ಅವನದೊಂದು ಫೋಟೋ ಸ್ಟುಡಿಯೊ. ಕೆಳಗೆ ಅಂಗಡಿ; ಮಹಡಿಯಲ್ಲಿ ಕಟ್ಟಡದ ಒಡತಿ ಅಕ್ಕಯ್ಯಮ್ಮನ ಮನೆ, ಅದಕ್ಕೆ ಅಂಟಿಕೊಂಡ ಕೋಣೆಯಲ್ಲಿ ಮುರಳಿಯ ಹೆಂಡತಿ ಭಾನುಪ್ರಿಯಾ ಮದುವೆ ವಿಡಿಯೊ ಎಡಿಟ್ ಮಾಡುತ್ತಿದ್ದಳು. ಮೇಲಿನ ಕಂಪ್ಯೂಟರು ಪೆನ್‌ಡ್ರೈವ್ ಹಾಕಿದರೆ ಗುರುತೇ ಹಿಡಿಯುತ್ತಿರಲಿಲ್ಲ. ಹಾಗಾಗಿ ಮುಗಿದ ವಿಡಿಯೊ ಗೋಡೆಗುಂಟ ಇಳಿದ ಕೇಬಲ್ಲಿನಲ್ಲೇ ಕೆಳಗಿನ ಕಂಪ್ಯೂಟರಿಗೆ ಬರಬೇಕಿತ್ತು.

ಮುರುಗಮಲ್ಲದ ರೇಷ್ಮೆ ವ್ಯಾಪಾರಿ ಅಮಾನುಲ್ಲಾ ಸಾಹೇಬರು ಆಗಲೇ ಎದುರಿನ ಕುರ್ಚಿಯಲ್ಲಿ ಕೂತಿದ್ದರು. ಸಂಜೆ ಅವರ ಮಗನ ಮದುವೆಯ ವಲೀಮಾ ಊಟ. ನಿಕಾಹ್ ವಿಡಿಯೊವನ್ನು ದೊಡ್ಡ ಪರದೆಯಲ್ಲಿ ತೋರಿಸುತ್ತೇನೆಂದು ಬೀಗರಿಗೆ ಮಾತು ಕೊಟ್ಟುಬಿಟ್ಟಿದ್ದರು.

“ಮುರಳಿ, ಈಗ ಮೂರು ಗಂಟೆ. ಐದಕ್ಕೆ ನಾನು ಹೊರಡ್ಬೇಕು. ಬೀಗರ ಮುಂದೆ ನನ್ನ ಮಾನ ಹೋದ್ರೆ, ನಮ್ಮ ಕಡೆ ಮದುವೆ ಒಂದೂ ನಿಮಗೆ ಸಿಗಲ್ಲ, ನೋಡಿ.”

ಮುರಳಿಗೆ ಸಿಗುತ್ತಿದ್ದ ವರ್ಷದ ಅರ್ಧ ಮದುವೆಗಳು ಅವರ ಕಡೆಯವೇ. ಅಷ್ಟರಲ್ಲಿ ಪಕ್ಕದ ಕಂಪ್ಯೂಟರ್ ರಿಪೇರಿ ಅಂಗಡಿಯ ಹರಿಕೃಷ್ಣ, ಯಾರೂ ಕರೆಯದಿದ್ದರೂ, ಒಳಗೆ ಬಂದ.

“ಅಣ್ಣ, ನಿಮ್ಮ ನೆಟ್‌ವರ್ಕ್ ಕಾರ್ಡು ಓಬೀರಾಯನ ಕಾಲದ್ದು. ನೂರರ ಸ್ಪೀಡು. ಗಿಗಾಬಿಟ್ ಕಾರ್ಡ್ ಹಾಕ್ಸಿ, ಸಾವಿರ ಬರುತ್ತೆ. ನಾಲ್ಕು ಗಂಟೆ ಕೆಲಸ, ಟೀ ಕುಡಿಯೋಷ್ಟರಲ್ಲಿ ಮುಗಿಯುತ್ತೆ.”

ಮುರಳಿ ಕಾಪಿ ನಿಲ್ಲಿಸಿದ. ಎರಡೂ ಕಂಪ್ಯೂಟರಿಗೆ ಹೊಸ ಕಾರ್ಡು ಬಂತು. ಪರದೆ ಮಾತ್ರ ನೂರು ಎಂದೇ ತೋರಿಸಿತು.

“ಸಾವಿರದ ಕಾರ್ಡು ನೂರು ಯಾಕೋ ತೋರಿಸ್ತಿದೆ?”

“ಆಫ್ ಮಾಡಿ ಆನ್ ಮಾಡಣ.”

ಆಫ್ ಆಯಿತು, ಆನ್ ಆಯಿತು, ನೂರೇ ಉಳಿಯಿತು. ಮುರಳಿಗೆ ತಲೆಬುಡ ತಿಳಿಯಲಿಲ್ಲ. ತನಗೆ ತಿಳಿಯದ್ದನ್ನು ಒಪ್ಪಿಕೊಳ್ಳುವ ಆಸಾಮಿಯಲ್ಲದ ಹರಿಕೃಷ್ಣ, “ಪ್ಲಗ್ಗು ಕೆಟ್ಟಿರ್ಬೇಕು” ಎಂದು ಕೇಬಲ್ಲಿನ ತುದಿಗೆ ಕತ್ತರಿ ಹಾಕಿದ. ಮಹಡಿಯಲ್ಲಿ ಟ್ರಿಣ್ ಎಂದು ಬೆಲ್ಲು ಹೊಡೆದುಕೊಂಡಿತು.

“ಎವರದಿ? ಯಾರಪ್ಪ ಬೆಲ್ ಹೊಡ್ದಿದ್ದು?” ಅಕ್ಕಯ್ಯಮ್ಮ ಮೇಲಿನಿಂದ ಬಗ್ಗಿ ಕೇಳಿದರು.

“ಯಾರೂ ಇಲ್ಲಮ್ಮ,” ಎಂದ ಮುರಳಿ.

ಹರಿಕೃಷ್ಣ ತಂತಿ ಸುಲಿದ. ಮತ್ತೆ ಟ್ರಿಣ್. ಅಕ್ಕಯ್ಯಮ್ಮ ಮತ್ತೆ ಬಗ್ಗಿದರು. ಮೂರನೆಯ ಸಲಕ್ಕೆ ಸೌಟು ಹಿಡಿದು ಕೆಳಗೇ ಬಂದರು.

“ಮುದುಕಿ ಜತೆ ಆಟ ಆಡ್ತೀರೇನಯ್ಯಾ?”

ಹರಿಕೃಷ್ಣ ತಂತಿಗಳನ್ನು ಬಿಡಿಸಿ ನೋಡಿದ. ಎಂಟರಲ್ಲಿ ನಾಲ್ಕು ಪ್ಲಗ್ಗಿಗೆ ಬಂದಿದ್ದವು. ಉಳಿದ ನಾಲ್ಕು ಗೇಟಿನ ಬೆಲ್ ಗುಂಡಿಯ ಕಡೆ ಹೋಗಿದ್ದವು.

“ಅಮ್ಮಾ, ಅಣ್ಣನ ಕೇಬಲ್ಲಿಂದ ನಿಮ್ಮ ಬೆಲ್ಲಿಗೆ ತಂತಿ ಎಳ್ಕೊಂಡಿದ್ದೀರಾ?”

“ಹೂಂ. ನಾಲ್ಕು ಸುಮ್ನೆ ಬಿದ್ದಿವೆ ಅಂತ ಕರೆಂಟಿನವನು ಹೇಳ್ದ. ಖಾಲಿ ಇರೋದು ತಗೊಂಡ್ರೆ ತಪ್ಪೇನಪ್ಪಾ? ನೀವು ನಮ್ಮ ಗಿಡದ ಕರಿಬೇವು ಕಿತ್ಕೊಳಲ್ವಾ?”

ಕರಿಬೇವಿನ ವಿಷಯ ಬಂದ ಮೇಲೆ ಮುರಳಿ ಹರಿಕೃಷ್ಣನ ಕಡೆ ತಿರುಗಿದ.

“ನೂರಕ್ಕೆ ನಾಲ್ಕು ತಂತಿ ಸಾಕಮ್ಮ, ಸಾವಿರಕ್ಕೆ ಎಂಟೂ ಬೇಕು,” ಎಂದ ಹರಿಕೃಷ್ಣ, ಮೊದಲಿನಿಂದಲೂ ಗೊತ್ತಿದ್ದವನ ಹಾಗೆ.

ಇವತ್ತೊಂದು ದಿನ ನಿಮ್ಮ ಬಾಗಿಲಿಗೆ ಯಾರು ಬಂದರೂ ನಾನೇ ಕೂಗುತ್ತೇನೆಂದು ಮುರಳಿ ಕೈಮುಗಿದ. ಅಕ್ಕಯ್ಯಮ್ಮ ಒಪ್ಪಿದರು. ಆದರೆ ಅವನು ಕೂಗುತ್ತಾನೆಂಬ ನಂಬಿಕೆಯಿಲ್ಲದೆ ಅಂಗಡಿಯಲ್ಲೇ ಕೂತರು. ಎಂಟೂ ತಂತಿಗಳು ಎರಡೂ ತುದಿಯ ಪ್ಲಗ್ಗಿಗೆ ಸೇರಿದವು. ಪರದೆಯ ಮೇಲೆ ಸಾವಿರ ಮೂಡಿತು! ಅಮಾನುಲ್ಲಾ ಸಾಹೇಬರು ಎದ್ದುನಿಂತು ಚಪ್ಪಾಳೆ ಹೊಡೆದರು.

“ಬೇಗ ಹಾಕಿ ಮುರಳಿ, ಟೈಮಾಯ್ತು!”

“ಈ ಕಡೆಯಿಂದ ಆ ಕಡೆಗೆ ಎಳೀರಿ ಅಣ್ಣ!”

“ನನ್ನ ಬೆಲ್ಲು ಯಾವಾಗಪ್ಪ ಹಾಕ್ಕೊಡ್ತೀಯ?”

ಎದುರಿಗೆ ಒಂದೇ ಹೆಸರಿನ ಎರಡು ಫೋಲ್ಡರು: ಮೇಲಿನ ಕಂಪ್ಯೂಟರಿನದೊಂದು, ಕೆಳಗಿನದೊಂದು. ಮುರಳಿ ಒಂದನ್ನು ಎಳೆದು ಇನ್ನೊಂದಕ್ಕೆ ಹಾಕಿದ. ಹಳೆಯದನ್ನು ಅಳಿಸಿ ಇದನ್ನು ಇಡಲೇ ಎಂದು ಕಂಪ್ಯೂಟರು ಕೇಳಿತು. ಮೂರು ದನಿಗಳ ನಡುವೆ ಅವನು ಹೌದೆಂದು ಒತ್ತಿದ. ಭಾನುಪ್ರಿಯಾಳನ್ನೂ ಕರೆದು ಎಲ್ಲರೂ ಮೂಲೆಯ ಹೋಟೆಲಿಗೆ ಹೋಗಿ ಟೀ ಕುಡಿದರು. ವಾಪಸು ಬರುವಷ್ಟರಲ್ಲಿ ಕಾಪಿ ಮುಗಿದಿತ್ತು. ಮುರಳಿಗೆ ಸಂತೋಷದಿಂದ ಕಣ್ಣು ತುಂಬಿಬಂತು.

ಭಾನುಪ್ರಿಯಾ ವಿಡಿಯೊ ತೆರೆದು ನೋಡಿದಳು. ಎದ್ದು ಮಹಡಿಗೆ ಓಡಿದಳು. ಇಳಿದು ಬಂದವಳೇ ಗಂಡನನ್ನು ಮೆಟ್ಟಿಲ ಹತ್ತಿರ ಕರೆದು ಪಿಸುಗುಟ್ಟಿದಳು: “ರೀ, ಇಲ್ಲಿರೋದು ಮೊನ್ನೆ ಸಾಹೇಬ್ರಿಗೆ ತೋರ್ಸಿದ್ವಲ್ಲ, ಆ ಕಚ್ಚಾ ವಿಡಿಯೊ. ಈಗ ಮೇಲೂ ಅದೇ ಇದೆ.”

“ಮೇಲಿಂದ ಕೆಳಗೆ ತಾನೇ ತಂದಿದ್ದು?”

“ಕೆಳಗಿಂದ ಮೇಲಕ್ಕೆ ಕಳ್ಸಿದ್ದೀರಿ. ನನ್ನ ಎರಡು ದಿನದ ಕೆಲಸ ಪೂರ್ತಿ ಅಳಿಸಿಹೋಗಿದೆ.”

ಮುರಳಿ ಓಡಿಹೋಗಿ ಮೌಸ್ ಹಿಡಿದ. ನಿಲ್ಲಿಸಲು ಏನೂ ಉಳಿದಿರಲಿಲ್ಲ. ಹಳೆಯ ಸ್ಪೀಡೇ ಇದ್ದಿದ್ದರೆ ಟೀ ಕುಡಿದು ಬಂದ ಮೇಲೂ ಅವಳ ಕೆಲಸದ ಮುಕ್ಕಾಲು ಪಾಲು ಉಳಿಯುತ್ತಿತ್ತಲ್ಲ ಎಂದು ಅವನಿಗೆ ಆಗ ಹೊಳೆಯಿತು.

ಅಮಾನುಲ್ಲಾ ಸಾಹೇಬರು ಗಡಿಯಾರ ನೋಡಿದರು, ಹರಿಕೃಷ್ಣನ ಬೆನ್ನು ತಟ್ಟಿದರು, ಮುರಳಿಯ ಕಡೆ ನಗುತ್ತಾ ಕೈ ಚಾಚಿದರು.

“ಶಭಾಷ್! ಐದಕ್ಕೆ ಇನ್ನೂ ಕಾಲು ಗಂಟೆ ಇದೆ. ಕೊಡಿ, ಹೊರಡ್ತೀನಿ.”